ಧರ್ಮೇಶ ಭತ್ತ ಮಾರದ ಕಾರಣ

ಹತ್ತು ಗಂಟೆಯಾದರೂ ಧರ್ಮೇಶನ ಬೈಕಿನ ಸದ್ದಿಲ್ಲ. ದಿವ್ಯ ಮೂರನೇ ಸಲ ಎದ್ದು ಆಫೀಸಿನ ಬಾಗಿಲಿಗೆ ಬಂದಳು. ಯಾರಾದರೂ ನೋಡಿದರೆ ಏನಂದುಕೊಂಡಾರು ಅಂತ ಕರಿಹಲಗೆ ಒರೆಸಿದಳು, ಒರೆಸಿದ ರೇಟನ್ನೇ ಮತ್ತೆ ಬರೆದಳು. ಇದೆಂಥಾ ಹುಚ್ಚು ಅಂತ ತನ್ನನ್ನು ತಾನೇ ಬೈದುಕೊಂಡಳು.

ಮುತ್ತಿನಕೊಪ್ಪದ ಭತ್ತ ಬೆಳೆಗಾರರ ಗುಂಪಿನ ಕೆಲಸಕ್ಕೆ ಅವಳು ಕೊಪ್ಪದಿಂದ ಬಂದು ಆರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಶಿವಮೊಗ್ಗಕ್ಕೆ ಫೋನು ಮಾಡಿ ಅಂದಿನ ಧಾರಣೆ ಕೇಳಿ ಹಲಗೆಯ ಮೇಲೆ ಬರೆಯಬೇಕು. ಅದು ಸುಲಭ. ಕಷ್ಟದ್ದು ಇನ್ನೊಂದು. ಬೆಳೆದದ್ದನ್ನೆಲ್ಲ ಒಂದೇ ದಿನ ಮಾರಬೇಡಿ, ಎಲ್ಲವನ್ನೂ ಕಾದಿಡಲೂ ಬೇಡಿ, ಮೂರು ಪಾಲು ಮಾಡಿ ಅಂತ ಮನೆಮನೆಗೆ ಹೋಗಿ ಹೇಳಬೇಕು. ಮೊದಲೇ ರೇಟು ಮಾತಾಡಿಕೊಂಡ ಮಿಲ್ಲಿಗೆ ಒಂದು ಪಾಲು, ಸಂಕ್ರಾಂತಿ ಕಳೆದ ಮೇಲೆ ಒಂದು, ಯುಗಾದಿಗೆ ಇನ್ನೊಂದು. ಧಾರಣೆ ಬಿದ್ದರೂ ಪೂರ್ತಿ ಬೆಳೆಗೆ ಪೆಟ್ಟು ಬೀಳುವುದಿಲ್ಲ.

ಊರೆಲ್ಲ ಹೂಂ ಅಂದಿತ್ತು, ಧರ್ಮೇಶನೊಬ್ಬನನ್ನು ಬಿಟ್ಟು. ಅವನ ಅರವತ್ತು ಚೀಲ ಭತ್ತ ಮನೆಯಿಂದ ಅಲ್ಲಾಡಿರಲಿಲ್ಲ. ಆದರೆ ರೇಟು ನೋಡಲು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾಲ್ಕು ಅಂಕಿ ಓದಲು ಅವನಿಗೆ ಕಾಲು ಗಂಟೆ ಬೇಕು. ಇವತ್ತು ಮಾರ್ತೀರಾ ಅಂತ ಅವಳು ಕೇಳಿದರೆ, ನಾಳೆ ನೋಡುವ ಅನ್ನುತ್ತಿದ್ದ. ಹಾಗನ್ನುವಾಗ ಅವನ ಕಣ್ಣು ಹಲಗೆಯ ಮೇಲೆ ಇರುತ್ತಿರಲಿಲ್ಲ. ಅವಳ ಬೆರಳಿಗಂಟಿದ ಸೀಮೆಸುಣ್ಣದ ಮೇಲೆ, ಕಿವಿಯ ಹಿಂದೆ ಸಿಗಿಸಿಕೊಂಡ ಕೂದಲಿನ ಮೇಲೆ ಇರುತ್ತಿತ್ತು. ಅವಳು ತಲೆ ಎತ್ತಿದರೆ ಆಸಾಮಿ ಗಂಭೀರವಾಗಿ ತಾರೀಖು ಓದುತ್ತಿದ್ದ. ತನ್ನ ಮಾತನ್ನು ಇವನೊಬ್ಬ ನಂಬುವುದಿಲ್ಲವಲ್ಲ ಅಂತ ಅವಳಿಗೆ ಸಿಟ್ಟು. ಸಿಟ್ಟು ಮಾಡುವುದಕ್ಕಾದರೂ ಅವನು ಬರಲಿ ಅಂತ ಆಸೆ. ರಾತ್ರಿ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಬೈಕಿನ ಬದಲು ಗುಂಪಿನ ಅಧ್ಯಕ್ಷ ಸೋಮಶೇಖರಪ್ಪ ನಡೆದು ಬಂದರು, ಮುಖ ಸಣ್ಣದು ಮಾಡಿಕೊಂಡು. ಮಧ್ಯಾಹ್ನ ಮಿಲ್ಲಿನ ಲಾರಿ ಬರುವುದಿತ್ತು. ಇನ್ನೂರು ಚೀಲ ಕೊಡುವ ಮಾತಾಗಿತ್ತು. ಬಂದದ್ದು ನಲವತ್ತು. ಉಳಿದವರು ಯಾಕೆ ತಂದಿಲ್ಲ ಅಂದರೆ, ಧರ್ಮೇಶ ಮಾರಿಲ್ಲವಲ್ಲ, ಅದಕ್ಕೆ. ದಿನಾ ಆಫೀಸಿಗೆ ಹೋಗಿ ಬರುವವನು ಅವನು. ಧಾರಣೆ ಏರುತ್ತದೆ ಅಂತ ಆ ಹುಡುಗಿ ಅವನ ಕಿವಿಯಲ್ಲಿ ಹೇಳಿರಬೇಕು ಅಂತ ಊರಿಗೆ ಊರೇ ಲೆಕ್ಕ ಹಾಕಿ ಕೂತಿತ್ತು.

ದಿವ್ಯಳಿಗೆ ಅಳು ನುಗ್ಗಿ ಬಂತು. ಲಾರಿ ಖಾಲಿ ಹೋದರೆ ಮಿಲ್ಲಿನವರು ಇನ್ನು ಈ ಊರಿನ ಕಡೆ ತಲೆ ಹಾಕುವುದಿಲ್ಲ. ಒಬ್ಬನಿಗೆ ಒಂದು, ಊರಿಗೆ ಒಂದು ಹೇಳಿದವಳು ಅನ್ನಿಸಿಕೊಂಡು ತಾನು ಕೊಪ್ಪದ ಬಸ್ಸು ಹತ್ತಬೇಕು. ಹತ್ತಿದರೆ ಆ ಬೈಕಿನ ಸದ್ದೂ ಅಲ್ಲಿಗೆ ಮುಗಿಯಿತು.

ಸುದ್ದಿ ಕೇಳಿ ಏಳೆಂಟು ಜನ ಜಗಲಿಯಲ್ಲಿ ಸೇರುವ ಹೊತ್ತಿಗೆ ಧರ್ಮೇಶ ಬೈಕು ತಳ್ಳಿಕೊಂಡು ಬಂದ. ಟಯರು ಪಂಕ್ಚರ್ ಆಗಿತ್ತಂತೆ. ಉಸಿರು ಬಿಡಲೂ ಅವಳು ಬಿಡಲಿಲ್ಲ.

"ನಾನು ನಿಮಗೆ ಏನಾದ್ರೂ ಗುಟ್ಟು ಹೇಳಿದೀನಾ? ಎಲ್ಲರ ಎದುರಿಗೇ ಹೇಳಿ. ಯಾಕೆ ಭತ್ತ ಮಾರಲಿಲ್ಲ?"

ಅವನು ಹಲಗೆ ನೋಡಿದ, ನೆಲ ನೋಡಿದ. ಮೂವತ್ತು ಚೀಲದ ಒಡತಿ ಪುಟ್ಟಕ್ಕ ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತಿದ್ದವರು ಬಾಯಿ ಹಾಕಿದರು. "ಎಂತ ಇದ್ರೂ ಹೇಳಾ ಮಾರಾಯ. ನಾವೂ ಹಂಗೇ ಮಾಡ್ತೀವಿ."

"ನೀವು ಹಂಗೆ ಮಾಡಕ್ಕಾಗಲ್ಲ ಪುಟ್ಟಕ್ಕ," ಅಂದ ಧರ್ಮೇಶ. ಕಿವಿಯೆಲ್ಲ ಕೆಂಪಾಗಿತ್ತು. "ಭತ್ತ ಮಾರಿದ್ರೆ ರೇಟು ನೋಡಕ್ಕೆ ಬರೋದು ಎಂತಕ್ಕೆ ಅಂತ ಕೇಳ್ತೀರಿ. ಇವರನ್ನ ನೋಡದೆ ನಂಗೆ ಇರಕ್ಕಾಗಲ್ಲ. ಅದಕ್ಕೇ ಮಾರ್ಲಿಲ್ಲ. ಧಾರಣೆ ಏರತ್ತೋ ಇಳಿಯತ್ತೋ, ದೇವರಾಣೆ ನಂಗೊತ್ತಿಲ್ಲ."

ದಿವ್ಯ ಹಲಗೆಯ ಕಡೆ ತಿರುಗಿಬಿಟ್ಟಳು. ಪುಟ್ಟಕ್ಕ ಅಂಗಳಕ್ಕೆ ಉಗುಳಿ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಪುಣ್ಯಾತ್ಮನ ಪ್ರೀತಿಗೆ ನಮ್ಮ ಭತ್ತ ಇಲಿ ತಿನ್ನಬೇಕಿತ್ತಲ್ಲ ಅಂದರು. ತಮ್ಮ ಹತ್ತು ಚೀಲ ಈಗಲೇ ಹೇರಿಸುತ್ತೇನೆ ಅಂತ ಮೊದಲು ಹೊರಟವರೂ ಅವರೇ. ನಗುತ್ತ ನಗುತ್ತ ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಮೂರೂವರೆಗೆ ಲಾರಿ ತುಂಬಿತು. ಅದರಲ್ಲಿ ಧರ್ಮೇಶನದೂ ಇಪ್ಪತ್ತು ಚೀಲ ಇತ್ತು.

ಲಾರಿ ತಿರುವು ದಾಟಿದ ಮೇಲೆ ಅಂಗಳದಲ್ಲಿ ಇಬ್ಬರೇ ಉಳಿದರು. ಅವನ ತಲೆ, ಹುಬ್ಬು ಎಲ್ಲ ಭತ್ತದ ಧೂಳು. ಊರ ಮುಂದೆ ನಿಮ್ಮ ಮಾನ ಕಳೆದೆ, ತಪ್ಪಾಯಿತು ಅಂತ ಗೊಣಗಿದ. ಹೊರಡಲು ಬೈಕಿಗೆ ಕೈ ಹಾಕಿದ.

"ಭಾನುವಾರ ಕೊಪ್ಪಕ್ಕೆ ಬನ್ನಿ," ಅಂದಳು ದಿವ್ಯ. "ನಮ್ಮನೆಗೆ. ಅಪ್ಪನ ಹತ್ರ ಕೇಳಿ."

ಅವನ ಕೈ ಹ್ಯಾಂಡಲಿನ ಮೇಲೇ ನಿಂತಿತು.

"ಕೊಡಲ್ಲ ಅಂದ್ರೆ?"

"ಕೊಡಲ್ಲ ಅಂದ್ರೂ ಬರ್ತೀನಿ."

ಹೇಳಿಬಿಟ್ಟು, ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಧರ್ಮೇಶ ಬೈಕಿಗೆ ಸ್ಟ್ಯಾಂಡ್ ಹಾಕಿ, ಅಂಗಿ ಕೊಡವಿಕೊಂಡು, ಪಕ್ಕದಲ್ಲಿ ಬಂದು ಕೂತ.