ಹತ್ತಕ್ಕೆ ಹತ್ತು ಅಂಕದ ಗೊಂಬೆ

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ತುಕ್ಕಾನಟ್ಟಿಯ ಮಹಾಂತೇಶ ಎಂಬ ಮೂವತ್ತರ ಗಂಡು ಮೂಡಲಗಿ ಪೊಲೀಸ್ ಠಾಣೆಗೆ ದೂರು ಕೊಡಲು ಬಂದ. ಎಮ್ಮೆ ಹೋಗಿರಲಿಲ್ಲ, ಮೋಟಾರು ಹೋಗಿರಲಿಲ್ಲ, ಬಂಗಾರವೂ ಹೋಗಿರಲಿಲ್ಲ. ಗೊಂಬೆ ಹೋಗಿತ್ತು.

ಮಹಿಳಾ ಕಾನ್‌ಸ್ಟೆಬಲ್ ಯಶೋಧರಾ ದೂರು ಬರೆದುಕೊಳ್ಳಲು ಕೂತಳು. 'ಗೊಂಬೆ' ಎಂದು ಅವಳು ಬರೆದದ್ದನ್ನು ಮಹಾಂತೇಶ ಹೊಡೆದುಹಾಕಿಸಿದ. ಅದು ಆ್ಯಕ್ಷನ್ ಫಿಗರ್ ಅಂತೆ, ಸಂಗ್ರಹಕಾರರು ಇಟ್ಟುಕೊಳ್ಳುವಂಥದ್ದು. ಹೆಸರು ಕ್ಯಾಪ್ಟನ್ ವೋರ್ಕಾ, ಬಾಹ್ಯಾಕಾಶದ ಯೋಧ. ಜಪಾನಿನಿಂದ ತರಿಸಿದ್ದು, ಒಂದಡಿ ಎತ್ತರ, ಬೆರಳು ಕೂಡ ಒಂದೊಂದಾಗಿ ಮಡಚುತ್ತವೆ. ಬೆಲೆ ಒಂದೂವರೆ ಲಕ್ಷ.

ಪಿಎಸ್‌ಐ ರಾಚಪ್ಪ ಚಹಾದ ಕಪ್ಪು ಕೆಳಗಿಟ್ಟರು.

"ಮಾತಾಡತೈತೇನು?"

"ಇಲ್ರಿ ಸರ್."

"ನಡೀತೈತಿ?"

"ನಿಂದರಿಸಿದಲ್ಲೆ ನಿಂದರತೈತ್ರಿ."

"ಅಷ್ಟ ರೊಕ್ಕಕ್ಕ ಚಲೋ ಜೋಡಿ ಎತ್ತ ಬರ್ತಿದ್ವಲ್ಲೋ ಮಾರಾಯಾ. ಅವು ನಡೀತಾವು."

ಮಹಾಂತೇಶ ನಗಲಿಲ್ಲ. ಅವನಿಗೆ ಗೋಕಾಕದ ರಾಹುಲನ ಮೇಲೆ ಸಂಶಯ. ಇಂಥ ಗೊಂಬೆಗಳನ್ನು ಕೊಂಡು ಮಾರುವ ರಾಹುಲ ಶನಿವಾರ ಮನೆಗೆ ಬಂದು ಕೇಳಿದ್ದ, ಇವನು ಕೊಟ್ಟಿರಲಿಲ್ಲ. ರವಿವಾರ ಯಾರು ಬಂದಿದ್ದರು ಎಂದು ಕೇಳಿದ್ದಕ್ಕೆ ಯಾರೂ ಇಲ್ಲ ಎಂದ. ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚನಾಮೆಗೆ ತುಕ್ಕಾನಟ್ಟಿಗೆ ಹೋದರು. ಅಪ್ಪ ಕಟ್ಟಿಸಿದ ಮನೆ, ಅಪ್ಪ ಇಟ್ಟ ಗೊಬ್ಬರದ ಅಂಗಡಿ. ಮಗ ಮಾಡಿದ್ದು ಒಂದು ಗಾಜಿನ ಕಪಾಟು. ಅದರ ತುಂಬ ರಾಕೆಟ್ಟು, ಬಂದೂಕು, ಲೋಹದ ಮುಖದ ಗೊಂಬೆಗಳು. ಕೇಳದಿದ್ದರೂ ಮಹಾಂತೇಶ ತನ್ನ ವಿದ್ಯೆ ತೋರಿಸಿದ. ಬಿಳಿ ಕೈಗವಸು ಹಾಕಿಕೊಂಡು ಒಂದು ಗೊಂಬೆ ತೆಗೆದು, ದೀಪದ ಕೆಳಗೆ ಹಿಡಿದು, ಭೂತಗನ್ನಡಿ ಇಟ್ಟ. ಕೀಲು ಸಡಿಲಿದ್ದರೆ ಒಂದು ಅಂಕ ಕಡಿಮೆ, ಬಣ್ಣ ಗೆರೆ ದಾಟಿದ್ದರೆ ಇನ್ನೊಂದು. ಹೀಗೆ ಅಂಕ ಕೊಟ್ಟು ವಿಡಿಯೋ ಮಾಡಿ ಮೊಬೈಲಿನಲ್ಲಿ ಬಿಡುತ್ತಾನೆ. ದೊಡ್ಡ ಆಸ್ಪತ್ರೆಯ ಡಾಕ್ಟರ ದನಿ ಅವನದು. ಹತ್ತಕ್ಕೆ ಹತ್ತು ಪಡೆದದ್ದು ವೋರ್ಕಾ ಒಂದೇ ಎಂದು ಹೇಳುವಾಗ ಅವನ ಕಣ್ಣು ತೇವವಾದವು. ಹೋದ ವರ್ಷ ಅಪ್ಪ ತೀರಿದಾಗ ಇಷ್ಟು ಅತ್ತಿರಲಿಲ್ಲ ಎಂದು ಪಂಚರಲ್ಲೊಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ಯಶೋಧರಾಗೆ ಕೇಳಿಸಿತು.

ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿಕೈ ಅದರಲ್ಲೇ ನೇತಾಡುತ್ತಿತ್ತು. ಖಾಲಿ ಜಾಗದಲ್ಲಿ ಏಳೆಂಟು ಅಕ್ಕಿಕಾಳು ಬಿದ್ದಿದ್ದವು, ಒಂದೆರಡಕ್ಕೆ ಕುಂಕುಮ ಮೆತ್ತಿತ್ತು. ಹವಾಲ್ದಾರ ಕೇದಾರಿ 'ಅಕ್ಕಿಕಾಳು' ಎಂದು ಬರೆದು, ಇಲಿ ಎಂದು ಗೊಣಗಿ, ಮುಂದಕ್ಕೆ ಹೋದ. ಯಶೋಧರಾ ಅಲ್ಲೇ ನಿಂತು ನೋಡಿದಳು.

ಮಂಗಳವಾರ ಗೋಕಾಕ. ರಾಹುಲನ ಮೊಬೈಲ್ ಅಂಗಡಿಯ ಕ್ಯಾಮೆರಾದಲ್ಲಿ ರವಿವಾರ ದಿನವಿಡೀ ಅವನೇ ಕೂತಿದ್ದ. ಶನಿವಾರ ಸಂಜೆ ತೆಗೆದ ಫೋಟೋ ತೋರಿಸಿದ: ಗೊಂಬೆ ಜಾಗದಲ್ಲಿತ್ತು, ಹಲಗೆಯ ಮೇಲೆ ಒಂದು ಕಾಳೂ ಇರಲಿಲ್ಲ.

"ಕದಿಯೂವಂಥಾದ್ದೇನಲ್ರಿ ಅದು," ಎಂದ ರಾಹುಲ. "ಎಡಗೈ ಮೊಣಕೈ ಸಡ್ಲ ಐತಿ. ಹತ್ತಕ್ಕ ಎಂಟ ಅಂದ್ನಿ. ನನ್ನ ಮನಿಯಿಂದ ಹೊರಗ ನಡಿ ಅಂದ."

ಅಂದರೆ ಅಕ್ಕಿ ಬಿದ್ದದ್ದು ಶನಿವಾರದ ನಂತರ. ವಾಪಸು ಬರುವಾಗ ಯಶೋಧರಾ ತುಕ್ಕಾನಟ್ಟಿಯಲ್ಲಿ ಜೀಪು ನಿಲ್ಲಿಸಲು ಹೇಳಿ ಅಡುಗೆಮನೆಗೆ ಹೋದಳು. ಮಹಾಂತೇಶನ ತಾಯಿ ರಾಮವ್ವ ಚಹಾಕ್ಕಿಟ್ಟು ಮಾತಿಗೆ ಕೂತಳು. ಮಗನ ಲಗ್ನ ಗೊತ್ತಾಗಿತ್ತು. ಕನ್ಯೆ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಸುಮನ್. ರವಿವಾರ ಅವರ ಕಡೆಯವರು ಮನೆ ನೋಡಲು ಬಂದಿದ್ದರು. ಮೂರು ಮಂದಿ ಹೆಂಗಸರಿಗೆ ರಾಮವ್ವ ಅಕ್ಕಿ, ತೆಂಗಿನಕಾಯಿ, ಕುಪ್ಪಸ ಹಾಕಿ ಸೆರಗಿನ ಉಡಿ ತುಂಬಿದ್ದಳು. ಕನ್ಯೆಯ ತಾಯಿ ಉದ್ದವ್ವ ಸೆರಗು ಸರಿಮಾಡಿಕೊಳ್ಳಲು ಕನ್ನಡಿ ಇರುವ ಕೋಣೆಗೆ ಹೋಗಿ ಬಂದಿದ್ದಳು. ಕನ್ನಡಿ ಇದ್ದದ್ದು ಮಹಾಂತೇಶನ ಕೋಣೆಯಲ್ಲಿ.

ತುಂಬಿದ ಉಡಿಗೆ ಯಾರೂ ಕೈ ಹಾಕುವುದಿಲ್ಲ, ಏನಿದೆ ಎಂದು ಕೇಳುವುದೂ ಇಲ್ಲ. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಂದಿಲ್ಲ ಎಂದು ಯಾಕೆ ಹೇಳಿದೆ ಎಂದು ರಾಚಪ್ಪ ಮಹಾಂತೇಶನನ್ನು ಕೇಳಿದರು.

"ಹೆಣ್ಣಮಕ್ಕಳು ಬಂದಿದ್ರು ಬಿಡ್ರಿ ಸರ್. ಅವರಿಗೇನ ಅದರ ಕಿಮ್ಮತ್ತ ತಿಳೀತೈತಿ?" ಎಂದ ಮಹಾಂತೇಶ.

ಜೀಪು ಹತ್ತಿದ ಮೇಲೂ ಯಶೋಧರಾ ಹೇಳಲೋ ಬೇಡವೋ ಎಂದು ತೂಗಿದಳು. ತಾನು ಹೇಳಿದರೆ ಒಂದು ಪ್ಲಾಸ್ಟಿಕ್ಕಿನ ಗೊಂಬೆಗಾಗಿ ಕಾಣದ ಊರಿನ ಹುಡುಗಿಯ ಲಗ್ನ ಮುರಿಯುತ್ತದೆ. ಮುರಿದ ಲಗ್ನದ ಹುಡುಗಿಯನ್ನು ಊರು ಹೇಗೆ ನೋಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಳ್ಳದ ಸೇತುವೆ ದಾಟಿದ ಮೇಲೆ, ಗೊಂಬೆ ಉದ್ದವ್ವನ ಉಡಿಯಲ್ಲಿ ಹೋಗಿದೆ ಎಂದು ಹೇಳಿದಳು. ನಾಳೆ ಹೋಗೋಣ ಎಂದರು ರಾಚಪ್ಪ.

ಬುಧವಾರ ಮಧ್ಯಾಹ್ನ ಬೆಲ್ಲದ ಬಾಗೇವಾಡಿಯ ಮನೆಯಲ್ಲಿ ಉದ್ದವ್ವ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಜೋಳದ ಡಬ್ಬಿಯಲ್ಲಿ ಕೈ ಹಾಕಿ, ಕುಪ್ಪಸದಲ್ಲಿ ಸುತ್ತಿದ ಗೊಂಬೆ ತೆಗೆದು ಪಂಚರ ಮುಂದೆ ಇಟ್ಟಳು. ಗಂಡ ಲಗಮಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಗುರುತು ಹಿಡಿಯಲು ಮಹಾಂತೇಶನನ್ನು ಕರೆಸಲಾಗಿತ್ತು. ಲಗ್ನ ಕೂಡಿಸಿದ ಸೋಮಪ್ಪನೂ ಜೊತೆಗೆ ಬಂದಿದ್ದ. ಮಹಾಂತೇಶ ಮೊದಲು ಕೈಗವಸು ಹಾಕಿಕೊಂಡ. ಕೀಲು ಕೀಲಿಗೂ ಭೂತಗನ್ನಡಿ ಹಿಡಿದ, ಜೋಳದ ಧೂಳು ಊದಿದ. ಸುಮನ್ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಎಡಗೈ ಮೊಣಕೈಯ ಹತ್ತಿರ ಪೂರ್ತಿ ಚಾಚುತ್ತಿರಲಿಲ್ಲ. ಎಲ್ಲರೂ ನೀರು ಕುಡಿದರು. ಮಹಾಂತೇಶ ತಲೆ ಎತ್ತಲಿಲ್ಲ.

"ಒಂದ ಗೀರೂ ಬಿದ್ದಿಲ್ರಿ ಸರ್," ಎಂದ, ಹಬ್ಬದ ಮುಖ ಮಾಡಿ.

ಯಾಕೆ ತಂದೆ ಎಂದು ಯಶೋಧರಾ ಉದ್ದವ್ವನನ್ನು ಕೇಳಿದಳು. ಉದ್ದವ್ವ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಳು. ಕನ್ಯೆ ನೋಡಲು ಬಂದ ದಿನ ಮಹಾಂತೇಶ ಸುಮನ್‌ಗೆ ಕೈ ಎತ್ತು, ತಿರುಗು, ನಡಿ ಎಂದಿದ್ದ. ಚಿಕ್ಕಂದಿನಲ್ಲಿ ಚಕ್ಕಡಿಯಿಂದ ಬಿದ್ದು ಮುರಿದ ಕೈ ಅದು. ಹೊರಗೆ ಹೋಗಿ ಸೋಮಪ್ಪನಿಗೆ, ಹತ್ತಕ್ಕೆ ಆರು, ಹೊಂದಿಸಿಕೊಂಡು ಹೋಗುತ್ತೇನೆ ಎಂದ. ಆರು ಬಂತಲ್ಲ ಎಂದು ಮನೆಯ ಗಂಡಸರು ಪೇಢೆ ಹಂಚಿದರು.

"ನನ್ನ ಮಗಳ ಕೈ ಹಿಡದ ನೋಡಿದಾಗ ಅಂವನ ಕೈಗೆ ತಿಂದ ಚೂಡಾದ ಎಣ್ಣಿ ಇತ್ರಿ, ಒರಿಸಿಕೊಂಡಿರ್ಲಿಲ್ಲ. ರವಿವಾರ ಅಲ್ಲಿ ನಮಗ ತೋರಸೂ ಮುಂದ ಈ ಬೊಂಬಿ ಮುಟ್ಟಾಕ ಕೈಗೆ ಚೀಲಾ ಹಾಕ್ಕೊಂಡ. ಹತ್ತಕ್ಕ ಹತ್ತಂತ. ಹತ್ತಂದ್ರ ಹೆಂಗಿರತೈತಿ ನೋಡೂಣು ಅಂತ ತಂದ್ನಿ. ಮೂರ ದಿನಾ ನೋಡಿದ್ನಿ. ಒಳಗ ಟೊಳ್ಳ ಐತ್ರಿ."

ಕೇದಾರಿ ಬೇರೆ ಕಡೆ ಮುಖ ತಿರುಗಿಸಿದ. ಮಹಾಂತೇಶ ಗೊಂಬೆಯನ್ನು ಎದೆಗವಚಿಕೊಂಡು, ಕಳ್ಳರ ಮನೆಯ ಹೆಣ್ಣು ತನಗೆ ಬೇಡ ಎಂದು ಸೋಮಪ್ಪನಿಗೆ ಕೇಳುವಂತೆ ಹೇಳಿದ. ಕೇಸು ಮುಗಿಯುವ ತನಕ ಗೊಂಬೆ ಠಾಣೆಯ ಮಾಲಖಾನೆಯಲ್ಲಿರುತ್ತದೆ ಎಂದು ರಾಚಪ್ಪ ಅದನ್ನು ಅವನ ಕೈಯಿಂದ ಬಿಡಿಸಿಕೊಂಡು, ಕಾಲು ಹಿಡಿದು, ಕೋಳಿಯನ್ನು ಒಯ್ಯುವ ಹಾಗೆ ತಲೆಕೆಳಗಾಗಿ ಜೀಪಿಗೆ ಒಯ್ದರು. ಮುಟ್ಟುವ ರೀತಿ ಅದಲ್ಲ ಎಂದು ಅವನು ಹಿಂದಿನಿಂದ ಕೂಗುತ್ತಿದ್ದ.

ಸಂಜೆ ನಾಲ್ಕು ಗಂಟೆಗೆ, ಕಾಯ್ದೆಯಂತೆ ಹೊತ್ತು ಮುಳುಗುವ ಮುಂಚೆಯೇ, ಯಶೋಧರಾ ಉದ್ದವ್ವನನ್ನು ದಸ್ತಗಿರಿ ಮಾಡಿದಳು. ಸುಮನ್ ತಾಯಿಗೆ ಒಂದು ಚಾದರ ತಂದು ಕೊಟ್ಟಳು. ಅವಳು ಅಳಲಿಲ್ಲ. ಊರಿನ ಜನ ಬಾಗಿಲಿನ ತನಕ ಬಂದಿದ್ದರು.

ಜೀಪಿನಲ್ಲಿ ಉದ್ದವ್ವ ಚಾದರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಊರ ಹೊರಗಿನ ಕಬ್ಬಿನ ಹೊಲ ಬಂದ ಮೇಲೆ ಯಶೋಧರಾಳ ಕಡೆ ತಿರುಗಿದಳು.

"ಈ ಸಂಬಂಧ ಬ್ಯಾಡ ಅಂತ ಮನ್ಯಾಗ ಎಷ್ಟ ಹೇಳಿದ್ರೂ ಯಾರೂ ಕೇಳಲಿಲ್ಲವ್ವಾ. ಈಗರೆ ಮುರೀತಲ್ಲ?"

"ಮುರೀತ್ರಿ."

ಉದ್ದವ್ವ ಚಾದರ ಹೊದ್ದುಕೊಂಡು ಹಿಂದಕ್ಕೆ ಒರಗಿದಳು. ಗೋಕಾಕ ದಾಟುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.