ಹಿತ್ತಲಲ್ಲಿ ನೀರು ಇಳಿಯುತ್ತಿಲ್ಲ

ಎಳೆದದ್ದು ಒಂದೇ ಸಲ. ಕರಿಬೇವಿನ ಗಿಡ ಬೇರುಸಮೇತ ಕೀರ್ತಿಯ ಕೈಗೆ ಬಂದುಬಿಟ್ಟಿತು.

ಬೇರು ಕಪ್ಪಾಗಿತ್ತು. ಮೂಸಿ ನೋಡಿದಳು. ಛೀ, ಕೊಳೆತ ವಾಸನೆ! ನಿನ್ನೆ ಸಂಜೆ ಹೊಯ್ದ ನೀರು ಗುಂಡಿಯಲ್ಲಿ ಇನ್ನೂ ಹಾಗೇ ನಿಂತಿತ್ತು.

"ಏಯ್ ಪಾಪು, ಆ ಮೂಲೆಗೆ ಹೋಗ್ಬೇಡ ಅಂತ ಹೇಳಿಲ್ವಾ?" ಮೇಸ್ತ್ರಿ ಸುಬ್ರಮಣಿ ದೂರದಿಂದಲೇ ಕೂಗಿದ. "ನಾಳೆ ಬೆಳಿಗ್ಗೆ ಅಲ್ಲೇ ಪಿಟ್ ತೋಡೋದು. ಸಿಮೆಂಟ್ ರಿಂಗ್ ಬರ್ತಾ ಇದೆ."

ಕೀರ್ತಿ ಗಿಡವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. 

ಚಿಕ್ಕಬಾಣಾವರದ ಈ ಸೈಟಿನಲ್ಲಿ ಅವರ ಹೊಸ ಮನೆ ಏಳುತ್ತಿತ್ತು. ಲೇಔಟಿಗೆ ಇನ್ನೂ ಒಳಚರಂಡಿ ಬಂದಿರಲಿಲ್ಲ. ಟಾಯ್ಲೆಟ್ಟಿನ ನೀರೆಲ್ಲ ಪಿಟ್ಟಿಗೆ ಹೋಗಿ, ಅಲ್ಲಿಂದ ಮಣ್ಣಿಗೆ ಇಂಗಬೇಕು.

ಇಂಗದಿದ್ದರೆ?

ಅವಳ ಅಪ್ಪ ಶಿವಪ್ರಕಾಶ ಬಾಗಲಕೋಟೆ ಕಡೆಯವನು. ಅಲ್ಲಿ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಊರಿನ ಮನೆಯ ಗೋಡೆಯ ಬಿರುಕಿನಲ್ಲಿ ಕೀರ್ತಿಯ ಕೈ ತೂರುತ್ತಿತ್ತು. ಅದಕ್ಕೇ ಅಪ್ಪ ಎರಡು ವರ್ಷ ಅಲೆದಾಡಿ ಈ ಸೈಟು ಹುಡುಕಿದ್ದ. "ಕೆಂಪ್ ಮಣ್ಣು ನೋಡ್ರಿ! ಇನ್ನ ಚಿಂತಿ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅಂಥ ಅಪ್ಪನಿಗೆ ಹೇಗೆ ಹೇಳುವುದು? ಅದೂ ಬೇಡವೆಂದ ಮೂಲೆಯಲ್ಲೇ ಕದ್ದು ಗಿಡ ನೆಟ್ಟವಳು!

ಗುಂಡಿಯ ತಳದಿಂದ ಒಂದು ಹಿಡಿ ಮಣ್ಣೆತ್ತಿಕೊಂಡು ಪಕ್ಕದ ಮನೆಗೆ ಓಡಿದಳು. ಲಕ್ಕಮ್ಮಜ್ಜಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಈ ಲೇಔಟೆಲ್ಲ ಒಂದು ಕಾಲಕ್ಕೆ ಅವರದೇ ಜಮೀನು.

"ಯಾಕ್ ಮಗಾ, ಮೊಕ ಇಂಗ್ ಮಾಡ್ಕಂಡಿದೀಯ?"

ಕೀರ್ತಿ ಅಂಗೈ ಬಿಚ್ಚಿದಳು. ಅಜ್ಜಿ ಮಣ್ಣನ್ನು ಬೆರಳಲ್ಲಿ ಹೊಸೆದಳು. ಅದು ಶಾವಿಗೆಯ ಹಾಗೆ ಉದ್ದವಾಯಿತು, ಮುರಿಯಲಿಲ್ಲ.

"ಇದು ಜೇಡಿ ಕಣವ್ವಾ. ನಿಮ್ಮ ಇತ್ತಲಗಂಟ ನಮ್ ಗದ್ದೆ ಇತ್ತು. ನೀರು ಇಂಗಲ್ಲ ಅಂತ್ಲೇ ಅಲ್ಲಿ ಭತ್ತ ಆಕ್ತಿದ್ವಿ. ಸೈಟ್ ಮಾಡೋವಾಗ ಮೇಲೊಂದ್ ಗೇಣು ಕೆಂಪ್ ಮಣ್ಣು ಒಡ್ಸಿದ್ರು, ಅಷ್ಟೇಯ."

"ಮತ್ತೆ ಮುಂದ್ಗಡೆ?"

"ಅದು ದಿಣ್ಣೆ, ಗರಸು ನೆಲ. ಎಷ್ಟ್ ಉಯ್ದ್ರೂ ಕುಡ್ಕಂಡ್ಬಿಡ್ತದೆ. ಯಾಕೆ, ಪಿಟ್ ಎಲ್ ತೋಡ್ತಾರೆ?"

ಕೀರ್ತಿ ಹಿತ್ತಲಿನತ್ತ ಬೆರಳು ತೋರಿಸಿದಳು.

"ಅಯ್ಯೋ! ನಿಮ್ಮಪ್ಪನ್ಗೆ ಏಳು, ಓಗು."

ಕೀರ್ತಿ ಕೂಡಲೇ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳೋಣವೆಂದುಕೊಂಡಳು. ಆದರೆ ಅಪ್ಪ ಫೋನಿನಲ್ಲಿ ಊರಿನವರಿಗೆ ಗೃಹಪ್ರವೇಶದ ಮಾತು ಹೇಳುತ್ತ ನಗುತ್ತಿದ್ದ. ಕೀರ್ತಿ ಅನ್ನ ಕಲಸುತ್ತ ಕುಳಿತಳು.

ಮರುದಿನ ಭಾನುವಾರ. ಬೆಳಿಗ್ಗೆಯೇ ಟೆಂಪೋ ಬಂತು. ರಿಂಗುಗಳು ಒಂದೊಂದಾಗಿ ಉರುಳಿ ಇಳಿದವು. ಸುಬ್ರಮಣಿ ಹಾರೆ ಎತ್ತಿದ.

"ಬ್ಯಾಡ! ಅಪ್ಪಾ, ನಿಲ್ಸಪ್ಪಾ!"

ಎಲ್ಲರೂ ತಿರುಗಿ ನೋಡಿದರು. ಕೀರ್ತಿ ಉಸಿರು ಬಿಡದೆ ಎಲ್ಲ ಹೇಳಿಬಿಟ್ಟಳು. ಕದ್ದು ನೆಟ್ಟ ಗಿಡ, ಕೊಳೆತ ಬೇರು, ಅಜ್ಜಿಯ ಗದ್ದೆ, ಎಲ್ಲ.

ಅಪ್ಪನ ಮುಖ ಬಿಗಿಯಿತು. ಅವಳನ್ನು ಬಿಟ್ಟು ಮೇಸ್ತ್ರಿಯನ್ನು ನೋಡಿದ. "ಖರೇನ?"

ಸುಬ್ರಮಣಿ ತಲೆ ಕೆರೆದುಕೊಂಡ. "ಪಾಯ ತೆಗೆಯುವಾಗ ಹಿಂದ್ಗಡೆ ಜೇಡಿ ಸಿಕ್ತು ಸಾರ್. ಅದಕ್ಕೇ ಅಲ್ಲಿ ಗಟ್ಟಿ ನೆಲ ಸಿಗೋವರೆಗೂ ಆಳ ತೋಡ್ಸಿದ್ದು. ಮನೆಗೇನೂ ಆಗಲ್ಲ. ನಿಮ್ಗೆ ಗಾಬರಿ ಆಗುತ್ತೆ ಅಂತ ಹೇಳ್ಲಿಲ್ಲ. ಪಿಟ್ ಎಲ್ರೂ ಹಿಂದೇನೇ ಹಾಕ್ಸೋದು, ಅದಕ್ಕೆ..."

ಅಪ್ಪ ಹಿತ್ತಲಲ್ಲಿ ಒಂದು, ಗೇಟಿನ ಹತ್ತಿರ ಒಂದು, ಮೊಣಕಾಲುದ್ದದ ಎರಡು ಗುಂಡಿ ತೋಡಿಸಿದ. ಎರಡಕ್ಕೂ ಒಂದೊಂದು ಬಕೆಟ್ ನೀರು. ಎಲ್ಲರೂ ಕಾದರು. ಸುಬ್ರಮಣಿ ಟೀ ಕುಡಿದು ಬಂದ.

ಗೇಟಿನ ಹತ್ತಿರದ ಗುಂಡಿ ಬರಿದಾಗಿತ್ತು. ಹಿತ್ತಲ ಗುಂಡಿಯಲ್ಲಿ ಅಪ್ಪನ ಮುಖ ಕಾಣುವಷ್ಟು ನೀರು ಹಾಗೇ ನಿಂತಿತ್ತು.

"ಮುಂದ್ಗಡೆನೇ ಹಾಕ್ರಿ" ಎಂದ ಅಪ್ಪ.

"ಬೈಕ್ ನಿಲ್ಸೋಕೆ ಜಾಗ ಕಮ್ಮಿ ಆಗುತ್ತೆ ಸಾರ್."

"ಆಗ್ಲಿ."

ಅಪ್ಪ ಒಂದು ರಿಂಗಿನ ಮೇಲೆ ಕುಳಿತುಬಿಟ್ಟ. ಕೀರ್ತಿ ಸ್ವಲ್ಪ ದೂರದಲ್ಲೇ ನಿಂತಳು. ಬೈಗುಳ ಈಗ ಬರುತ್ತದೆ.

"ನಿನ್ನೇನ ಯಾಕ ಹೇಳಲಿಲ್ಲ?"

"ನಿನಗ ಬ್ಯಾಸರ ಆಗ್ತದಂತ..."

ಅಪ್ಪ ಕೈಗೆ ಮೆತ್ತಿದ ಜೇಡಿಯನ್ನು ರಿಂಗಿಗೆ ಒರೆಸಿದ. ಅದು ಬಿಡಲಿಲ್ಲ. ಮತ್ತೆ ಮತ್ತೆ ಒರೆಸಿದ.   ಕೀರ್ತಿ ಹತ್ತಿರ ಹೋಗಿ ಪಕ್ಕದಲ್ಲಿ ಕುಳಿತಳು.

ಗೇಟಿನ ಹತ್ತಿರ ಸುಬ್ರಮಣಿ ಸುಣ್ಣದ ಪುಡಿಯಲ್ಲಿ ಹೊಸ ಗೆರೆ ಎಳೆದ.

"ಕೀರ್ತೀ," ಅಪ್ಪ ಮೆಲ್ಲಗೆ ಕೇಳಿದ, "ಗೇಟಿನ ಕಡೆ ಗುಂಡ್ಯಾಗ ಇನ್ನೊಂದ್ ಸಲ ನೀರ್ ಹೊಯ್ದು ನೋಡೂನೇನು?"

ಅದನ್ನು ಈಗಷ್ಟೇ ನೋಡಿದ್ದರು. ಆದರೂ ಕೀರ್ತಿ ಎದ್ದು ಬಕೆಟ್ ಎತ್ತಿಕೊಂಡಳು.