ದಿನಾ ಪಂಕ್ಚರ್ ಆಗುವ ಟಂಟಂ

"ಮತ್ತ ಇಪ್ಪತ್ತು ನಿಮಿಷ ತಡಾ! ನಿಮಗ ಗಡಿಯಾರ ನೋಡಾಕ ಬರ್ತೈತೋ ಇಲ್ಲೋ?"

ಬೆಟಗೇರಿಯ ಚರ್ಚ್ ಕಂಪೌಂಡಿನ ಶಿಶುವಿಹಾರದ ಗೇಟಿನಲ್ಲಿ ವಿದ್ಯಾಶ್ರೀ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಕಿಶೋರನ ಟಂಟಂ. ಅದರಿಂದ ಒಂಬತ್ತು ಮಕ್ಕಳು ಒಂದೊಂದಾಗಿ ಇಳಿಯುತ್ತಿದ್ದರು. ಪುಟ್ಟ ಶಾಹಬಾಜನ ಕೈ ಮೊಣಕೈಯವರೆಗೆ ನೀಲಿಯಾಗಿತ್ತು.

"ತಪ್ಪಾತ್ರಿ ಟೀಚರ್. ಪಂಕ್ಚರ್ ಆಗಿತ್ತು," ಎಂದ ಕಿಶೋರ.

"ಮೊನ್ನೆ ಪಂಕ್ಚರ್, ನಿನ್ನೆ ಪಂಕ್ಚರ್, ಇವತ್ತೂ ಪಂಕ್ಚರ್! ನಿಮ್ಮ ಗಾಡಿಗೆ ಇರೂದ ಮೂರು ಗಾಲಿ. ಮೂರೂ ಆದುವಲ್ರಿ... ನಾಳಿಗೆ ಏನ್ ಹೇಳ್ತೀರಿ?"

"ಸ್ಟೆಪ್ನಿ ಐತ್ರಿ."

ಹೇಳಿ ನಕ್ಕುಬಿಟ್ಟ! ಆ ನಗು ಅವಳಿಗೆ ಚೆನ್ನಾಗಿಯೇ ಕಂಡಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಹೆಣ್ಣುಮಕ್ಕಳ ಸಿಟ್ಟಿನ ಈ ಲೆಕ್ಕ ಗೊತ್ತಿದ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಒಳಗೆ ಪ್ರಾರ್ಥನೆ ಮುಗಿದೇ ಹೋಗಿತ್ತು. ಮುಖ್ಯೋಪಾಧ್ಯಾಯಿನಿ ಸುಗಂಧಿ ಟೀಚರ್ ಕನ್ನಡಕದ ಮೇಲಿಂದ ನೋಡಿದರು.

ಆ ನೋಟಕ್ಕೆ ವಿದ್ಯಾಶ್ರೀ ಹೆದರಿದ್ದಕ್ಕೆ ಕಾರಣವಿತ್ತು. ನೇಕಾರರ ಮನೆಯ ಈ ಹುಡುಗಿ ಶಾಲೆಗೆ ಬಂದ ಮೇಲೆ ಹಾಜರಿಯ ರೀತಿಯನ್ನೇ ಬದಲಿಸಿದ್ದಳು. ಹೆಸರು ಕರೆದರೆ "ಯಸ್ ಟೀಚರ್" ಅನ್ನುವ ಹಾಗಿಲ್ಲ, ಒಂದು ಪ್ರಶ್ನೆ ಕೇಳಬೇಕು! ಅದರಲ್ಲಿ ಒಂದನ್ನು ಆರಿಸಿ ದಿನವಿಡೀ ಅದನ್ನೇ ಹುಡುಕುವುದು, ಮುಟ್ಟುವುದು, ನೆನೆಸುವುದು, ಬಿಚ್ಚುವುದು. ಎಬಿಸಿಡಿ ಬರೆಸುವುದಿಲ್ಲವೆಂದು ಕೆಲವು ಪಾಲಕರು ಗೊಣಗುತ್ತಿದ್ದರು. "ಕ್ರಿಸ್‌ಮಸ್ ತನಕ ನೋಡೋಣು," ಎಂದಿದ್ದರು ಸುಗಂಧಿ ಟೀಚರ್. ಕ್ರಿಸ್‌ಮಸ್‌ಗೆ ಉಳಿದದ್ದು ನಾಲ್ಕೇ ವಾರ.

"ಶಾಹಬಾಜ?"

"ಟೀಚರ್, ನೀಲಿ ನೀರಿನ್ಯಾಗ ಅದ್ದಿದ ನೂಲು ನೀಲಿ ಆತು. ಕೈಯೂ ನೀಲಿ ಆತು. ಬಿಳಿ ನೀರಿನ್ಯಾಗ ತೊಳದ್ರ ಯಾಕ ಬಿಳಿ ಆಗವಲ್ದು?"

"ಅಲ್ಫಿಯಾ?"

"ನೋಹನ ಹಡಗಿನ್ಯಾಗ ಮೀನು ಇದ್ವೇನ್ರಿ? ಅವಕ್ಕ ನೀರಂದ್ರ ಅಂಜಿಕಿ ಇಲ್ಲಲ್ಲ?"

ಹಿಗ್ಗಿ ಹೋದಳು ವಿದ್ಯಾಶ್ರೀ. ಎಂಥಾ ಪ್ರಶ್ನೆಗಳು! ನಾ ಕಲಿಸಿದ್ದು ವ್ಯರ್ಥ ಆಗಿಲ್ಲ... ಆದರೆ ಈ ಟಂಟಂನವನ ತಡದಿಂದ ನನ್ನ ತರಗತಿಗೇ ಕುತ್ತು ಬರಬಾರದು!

ಅಂದೇ ಸಂಜೆ ಸುಗಂಧಿ ಟೀಚರಿಗೆ ದೂರು ಕೊಟ್ಟಳು. ಸೋಮವಾರದಿಂದ ಬೇರೆ ವ್ಯಾನು ಎಂದು ತೀರ್ಮಾನವಾಯಿತು.

ಕೊನೆಯ ದಿನ ಕಿಶೋರ ಜಗಳಕ್ಕೆ ಬರುತ್ತಾನೆಂದು ಅವಳು ಮಾತು ಹೊಂದಿಸಿಕೊಂಡು ನಿಂತಿದ್ದಳು. ಅವನು ಮಕ್ಕಳನ್ನು ಇಳಿಸಿ ಒಂದೇ ಮಾತು ಹೇಳಿದ.

"ಅಲ್ಫಿಯಾಗ ಬಲಗಾಲಿನ ಬೂಟು ಕಚ್ಚತೈತ್ರಿ. ಆಕಿ ಹೇಳೂದಿಲ್ಲ. ಸ್ವಲ್ಪ ನೋಡ್ಕೋರಿ."

ಹೊರಟುಹೋದ. ಹೊಂದಿಸಿಟ್ಟ ಮಾತು ಬಿಟ್ಟು ಅವಳು ಬಗ್ಗಿ ಅಲ್ಫಿಯಾಳ ಬೂಟು ಸಡಿಲಿಸಿದಳು.

ಹೊಸ ವ್ಯಾನು ಸರಿಯಾಗಿ ಎಂಟೂಮುಕ್ಕಾಲಿಗೆ ಬಂತು. ಮಕ್ಕಳು ಕೈ ಮುಗಿದು ಪ್ರಾರ್ಥನೆಗೆ ನಿಂತರು. ಎಲ್ಲ ಸುಸೂತ್ರ!

"ಅಲ್ಫಿಯಾ?"

"ಇಲ್ಲ ಟೀಚರ್."

"ಏನು ಇಲ್ಲ?"

"ಪ್ರಶ್ನೆ ಇಲ್ಲ."

ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ. ಗುರುವಾರ ಶಾಹಬಾಜ ಎದ್ದು ನಿಂತ.

"ಟೀಚರ್, ಕಿಶೋರ ಮಾಮಾ ಯಾವಾಗ ಬರ್ತಾನ?"

"ನಂದೂ ಅದ!" ಎಂದಳು ಅಲ್ಫಿಯಾ.

"ನಂದೂ... ನಂದೂ..." ಒಂಬತ್ತು ಕೈಗಳು ಮೇಲೆದ್ದವು.

ವಿದ್ಯಾಶ್ರೀ ಹಾಜರಿ ಪುಸ್ತಕ ಮುಚ್ಚಿದಳು. "ಯಾಕ, ಈ ವ್ಯಾನು ಚೊಲೋ ಇಲ್ಲೇನು?"

"ಇದು ಎಲ್ಲೂ ನಿಲ್ಲೂದಿಲ್ಲ," ಎಂದ ಶಾಹಬಾಜ. "ಮಾಮಾ ನಾವು ಕೇಳಿದಲ್ಲೆಲ್ಲಾ ನಿಲ್ಲಸ್ತಿದ್ದ. ನೂಲಿಗೆ ಬಣ್ಣ ಹಾಕೂ ಮನ್ಯಾಗ, ಮೀನು ಮಾರೂ ಆಯಿ ಹತ್ರ... ಕೈ ಹಿಡಿದು ಇಳಸ್ತಿದ್ದ. ಏನರ ಕೇಳಿದ್ರ 'ನಾ ಹೇಳೂದಿಲ್ಲ, ನಿಮ್ಮ ಟೀಚರ್ ಭಾಳ ಶಾಣ್ಯಾ ಅದಾರ, ಅವರನ್ನ ಕೇಳ್ರಿ' ಅಂತಿದ್ದ."

ದಿನಕ್ಕೊಂದು ಪ್ರಶ್ನೆ ತರಬೇಕೆಂದು ಮಕ್ಕಳಿಗೆ ಹೇಳಿದವಳು ಯಾರು? ತಾನೇ! ದಾರಿ ತೋರಿಸಿದವನನ್ನು ಓಡಿಸಿದವಳು? ಅದೂ ತಾನೇ! ಕಣ್ಣೀರು ಮಕ್ಕಳಿಗೆ ಕಾಣಬಾರದೆಂದು ಅವಳು ಬೋರ್ಡಿನ ಕಡೆ ತಿರುಗಿ ನಿಂತಳು.

ಮಧ್ಯಾಹ್ನ ಸುಗಂಧಿ ಟೀಚರ್ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. "ತಡಾ ಆಗಿದ್ದು ನನ್ನ ಹಾಜರಿ ಸಲುವಾಗಿ ಟೀಚರ್. ಬೇಕಾದ್ರ ನನ್ನ ಪದ್ಧತಿ ನಿಲ್ಲಸ್ರಿ. ಕಿಶೋರ ಅವರ ಮ್ಯಾಲಿನ ದೂರು ತಗೀರಿ."

ಸುಗಂಧಿ ಟೀಚರ್ ಕನ್ನಡಕ ತೆಗೆದರು.

"ನಾ ಅವನ್ನ ಮೂರು ಸಲ ಕೇಳಿದ್ನಿ. ಮೂರು ಸಲಾನೂ ಪಂಕ್ಚರ್ ಅಂದ. ಯಾಕಂತ ಈಗ ತಿಳೀತು. ಖರೆ ಹೇಳಿದ್ರ ನಿನ್ನ ತರಗತಿ ಬಂದ್ ಆಗ್ತಿತ್ತು, ಅದು ಅವಂಗ ಗೊತ್ತಿತ್ತು. ಹುಚ್ಚ!"

"ಟೀಚರ್..."

"ಮಕ್ಕಳು ದಿನಾ ಪ್ರಶ್ನೆ ತರ್ಲಿ. ಪ್ರಾರ್ಥನಿ ಅರ್ಧಾ ತಾಸು ಮುಂದ ಹಾಕ್ತೀನಿ. ದೇವರು ಕಾಯ್ತಾನ, ಅವಂಗೇನು ಬಸ್ ತಪ್ಪೂದಿಲ್ಲ. ಕಿಶೋರನ್ನ ಬಿಡಿಸಿದಾಕಿ ನೀನು, ನೀನ ಹೋಗಿ ಕರಕೊಂಡು ಬಾ."

ಕಿಶೋರ ಈಗ ಲಕ್ಷ್ಮೇಶ್ವರ–ಶಿರಹಟ್ಟಿ ನಡುವೆ ಗಾಡಿ ಓಡಿಸುತ್ತಿದ್ದ. ರವಿವಾರ ಮುಂಜಾನೆ ವಿದ್ಯಾಶ್ರೀ ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದು ನೇರವಾಗಿ ಅವನ ಟಂಟಂ ಹತ್ತಿ ಕೂತಳು. ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿ, ಮೋತಿಬಿ. ಕಿಶೋರ ಕನ್ನಡಿಯಲ್ಲಿ ನೋಡಿದ. ಗೇರ್ ಹಾಕುವುದನ್ನೇ ಮರೆತ.

"ಎಲ್ಲಿಗ್ರಿ ಟೀಚರ್?"

"ಗೊತ್ತಿಲ್ಲ. ನಡೀರಿ."

ಮಾಗಡಿ ಕೆರೆಯ ಬಳಿ ಬಂದಾಗ ಅವಳಿಂದ ತಡೆಯಲಾಗಲಿಲ್ಲ.

"ನಿಲ್ಲಸ್ರಿ!"

ನಿಲ್ಲಿಸಿದ. ನೀರಿನ ತುಂಬಾ ಚಳಿಗಾಲದ ಬಾತುಗಳು. ಯಾರೂ ಅವನ್ನು ನೋಡಲಿಲ್ಲ.

"ಯಾಕ ಸುಳ್ಳು ಹೇಳಿದ್ರಿ? ನಾ ಅಷ್ಟ ಬೈದೆ. ಒಂದ ಮಾತರ ಹೇಳಬಾರದಾಗಿತ್ತೇನ್ರಿ?" ಅವಳು ಅಂಗೈಯಿಂದ ಕಣ್ಣು ಒತ್ತಿಕೊಂಡಳು. "ನನ್ನ ತಪ್ಪಾತು... ಕ್ಷಮಿಸ್ರಿ."

"ಅಯ್ಯ, ಅಳಬ್ಯಾಡ್ರಿ!" ಕಿಶೋರ ಗಾಬರಿಯಾದ. "ನೀವು ತಿಳಿದಷ್ಟು ದೊಡ್ಡ ಮನಿಷ್ಯಾ ಅಲ್ರಿ ನಾ. ಅರ್ಧಾ ತಡಾ ಮಕ್ಕಳ ಸಲುವಾಗಿ ಖರೆ. ಇನ್ನರ್ಧಾ..."

"ಇನ್ನರ್ಧಾ?"

"ಜಲ್ದಿ ಬಂದ್ರ ನೀವು ಒಳಗ ಪ್ರಾರ್ಥನ್ಯಾಗ ಇರ್ತಿದ್ರಿ. ತಡಾ ಆದ್ರ ಬೈಯಾಕರ ಹೊರಗ ಬರ್ತಿದ್ರಿ."

ವಿದ್ಯಾಶ್ರೀಯ ಮುಖ ಕಿವಿಯವರೆಗೂ ಕೆಂಪೇರಿತು.

"ಯಾ ಅಲ್ಲಾ!" ಮೋತಿಬಿ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. "ಲೇ ಕಿಶೋರ, ನಾ ಇಳಿದು ನಿಲ್ಲಲೇನೋ?"

"ಕುಂಡ್ರು ಆಯಿ," ಎಂದಳು ವಿದ್ಯಾಶ್ರೀ. "ಯಾರರ ಸಾಕ್ಷಿ ಬೇಕು."

ಕಿಶೋರ ಮೆಲ್ಲಗೆ ಕೇಳಿದ. "ಶಾಲಿಗೆ ಕರಿಯಾಕ ಬಂದ್ರೇನ್ರಿ?"

"ಮಕ್ಕಳ ಸಲುವಾಗಿ ಸುಗಂಧಿ ಟೀಚರ್ ಕಳಿಸ್ಯಾರ." ಅವಳು ಉಸಿರು ತೆಗೆದುಕೊಂಡಳು. "ನನ್ನ ಸಲುವಾಗಿ ನಾನ ಬಂದೀನಿ."

ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೂತ. ಮೋತಿಬಿ ಹಿಂದಿನಿಂದ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು.

"ಬರ್ತೀನ್ರಿ," ಎಂದ ಕೊನೆಗೆ. "ಎಲ್ಲಿಗೆ ಕರದ್ರೂ ಬರ್ತೀನಿ."

"ಹಂಗಾದ್ರ ಸಂಜಿಮುಂದ ನಮ್ಮ ಮನಿಗೆ ಬರ್ರಿ. ಅಪ್ಪ ಇರ್ತಾರ."

"ಇವತ್ತ?! ನಾ ಏನಂತ ಮಾತಾಡ್ಲಿ ಅವರ ಮುಂದ?"

ವಿದ್ಯಾಶ್ರೀ ಕಣ್ಣೊರೆಸಿಕೊಂಡು ನಕ್ಕಳು.

"ನಿಮ್ಮ ಸಲುವಾಗಿ ಮಾತಾಡಾಕ ನಿಮಗ ಬರೂದಿಲ್ಲ, ಅದು ನನಗ ಗೊತ್ತಾತು. ನೀವು ಸುಮ್ಮ ಚಾ ಕುಡೀರಿ. ನಿಮ್ಮ ಸಲುವಾಗಿ ನಾ ಮಾತಾಡ್ತೀನಿ."